ಹೆಲ್ಮಿಯ ಟ್ರೇಲರ್, ಆರ್ವೋನ ಸೌನಾ

ನಮ್ಮೂರು ಪೆಲ್ಟೊಲಾದಲ್ಲಿ ಯಾರನ್ನೇ ಕೇಳಿ, ಆರ್ವೋ ಕಾರ್ಪೆಲಾ ಮುಂದಿಟ್ಟ ಹೆಜ್ಜೆ ಹಿಂದಿಟ್ಟವನಲ್ಲ ಎನ್ನುತ್ತಾರೆ. ಮೂವತ್ತೊಂದು ಚಳಿಗಾಲ ಕೌಂಟಿಯ ಹಿಮ ತಳ್ಳುವ ಲಾರಿ ಓಡಿಸಿದ ಮನುಷ್ಯ. ರಸ್ತೆ ಎಲ್ಲಿ ಮುಗಿಯಿತು, ಚರಂಡಿ ಎಲ್ಲಿ ಶುರುವಾಯಿತು ಎಂದು ದೇವರಿಗೂ ತಿಳಿಯದಂಥ ಬಿರುಗಾಳಿಯಲ್ಲಿ ಒಬ್ಬರ ಅಂಚೆಪೆಟ್ಟಿಗೆಯನ್ನೂ ಕೆಡವದೆ ದಾರಿ ಬಿಡಿಸಿಕೊಟ್ಟವನು. ಹೆರಿಗೆ ನೋವು ಬಂದ ಇಬ್ಬರು ಹೆಂಗಸರ ಕಾರುಗಳನ್ನು ತನ್ನ ಲಾರಿಯ ಬೆನ್ನಿಗೆ ಅಂಟಿಸಿಕೊಂಡು ಆಸ್ಪತ್ರೆ ಮುಟ್ಟಿಸಿದ್ದಾನೆ. ಅವರಲ್ಲೊಬ್ಬಳು ಹುಟ್ಟಿದ ಮಗುವಿಗೆ ಅವನ ಹೆಸರನ್ನೇ ಇಟ್ಟಳು. ಹೆಣ್ಣು ಮಗು, ಪಾಪ.

ಅಂಥವನು ಒಂದು ಸಲ, ಒಂದೇ ಒಂದು ಸಲ, ಗಾಡಿ ಹಿಂದಕ್ಕೆ ತಿರುಗಿಸಿದ್ದ. ನಲವತ್ತೊಂದು ವರ್ಷದ ಹಿಂದಿನ ಮಾತು. ಮದುವೆಯಾದ ಮೂರನೆಯ ದಿನ ಹೆಲ್ಮಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ದಕ್ಷಿಣಕ್ಕೆ ಹೊರಟಿದ್ದ. ನಮ್ಮ ಮೇಲಿನ ಮಿಷಿಗನ್ನಿಗೂ ಕೆಳಗಿನ ಮಿಷಿಗನ್ನಿಗೂ ನಡುವೆ ನೀರು, ನೀರಿನ ಮೇಲೆ ಐದು ಮೈಲಿ ಉದ್ದದ ಸೇತುವೆ. ಆ ದಿನ ಮಂಜು ಕವಿದಿತ್ತು. ಅರ್ಧ ಸೇತುವೆ ಕಾಣುತ್ತಿತ್ತು, ಉಳಿದರ್ಧ ಬರೀ ಬಿಳುಪು. ಸುಂಕದ ಕಟ್ಟೆಗೆ ಇನ್ನು ನೂರು ಗಜ ಇರುವಾಗ ಆರ್ವೋ ಕಾರು ನಿಲ್ಲಿಸಿದ. ಇಳಿದು, ಬಾನೆಟ್ ಎತ್ತಿ, ತಣ್ಣಗೆ ಕೂತಿದ್ದ ಎಂಜಿನ್ನನ್ನು ತುಸು ಹೊತ್ತು ದಿಟ್ಟಿಸಿ, "ರೇಡಿಯೇಟರ್ ಕುದೀತಾ ಇದೆ" ಎಂದ. ಹೊಸ ಗಂಡ, ಹೊಸ ಹೆಂಡತಿ. ಹೆಲ್ಮಿ ನಂಬಿದವಳ ಹಾಗೆ ತಲೆಯಾಡಿಸಿದಳು. ಇಬ್ಬರೂ ವಾಪಸು ಬಂದರು. ಊರವರು ಯಾಕೆ ಇಷ್ಟು ಬೇಗ ಬಂದಿರಿ ಎಂದಾಗ ರೇಡಿಯೇಟರಿನ ಕತೆಯನ್ನು ಹೇಳಿದವಳೂ ಅವಳೇ.

ಆಮೇಲಿನ ನಲವತ್ತೊಂದು ವರ್ಷ ಕತೆಗಳಿಗೇನು ಬರ! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆರ್ವೋನಿಗೆ ನೆಲ, ಚಾವಣಿ, ಬೆಕ್ಕು, ಬೆನ್ನು, ಆಲೂಗಡ್ಡೆ ಪಾತಿ ಎಲ್ಲವೂ ಡೊಂಕಾದವು. ಸೇತುವೆಯ ಹೆಸರೆತ್ತಿದರೆ ಸಾಕು, ಬೆಕ್ಕಿಗೆ ಹುಷಾರು ತಪ್ಪುತ್ತಿತ್ತು. ಮಗಳು ಕ್ರಿಸ್ಟಾ ಓದಲು ಹೋದಳು, ಸೇತುವೆಯಾಚೆಯ ಹುಡುಗನನ್ನೇ ಒಪ್ಪಿದಳು. ಮದುವೆ ಮಾತ್ರ ಪೆಲ್ಟೊಲಾದ ಚರ್ಚಿನಲ್ಲಿ ನಡೆಯಿತು. ಯಾಕೆಂದು ಯಾರೂ ಕೇಳಲಿಲ್ಲ. ಮೊಮ್ಮಕ್ಕಳು ಹುಟ್ಟಿದಾಗ ಎರಡು ಸಲವೂ ಹೆಲ್ಮಿ ಒಬ್ಬಳೇ ಬಸ್ಸು ಹತ್ತಿ ಹೋಗಿ ಬಂದಳು. ಊರಿಗೆಲ್ಲ ಗೊತ್ತಿದ್ದ ಗುಟ್ಟು ಇದು: ಆರ್ವೋನಿಗೆ ಆ ಸೇತುವೆ ಕಂಡರೆ ಜೀವಭಯ. ಎಲ್ಲರಿಗೂ ಗೊತ್ತು, ಯಾರೂ ಅವನ ಎದುರಿಗೆ ಆಡುವುದಿಲ್ಲ. ಹಿಮದಲ್ಲಿ ದಾರಿ ಮಾಡಿಕೊಟ್ಟವನಿಗೆ ಅಷ್ಟಾದರೂ ಮರ್ಯಾದೆ ಬೇಡವೇ?

ಹೋದ ವರ್ಷ ಬೇಸಿಗೆ ಮುಗಿಯುವಾಗ ಕ್ರಿಸ್ಟಾ ಫೋನ್ ಮಾಡಿದಳು. "ಅಪ್ಪಾ, ಮಕ್ಕಳಿಗೆ ಈಗ ಈಜು, ಫುಟ್‌ಬಾಲು, ಅದು ಇದು ಅಂತ ಒಂದು ವಾರ ಬಿಡುವಿರಲ್ಲ. ಪ್ರತಿ ವರ್ಷ ನಾವೇ ಬರೋದು ಇನ್ನು ಕಷ್ಟ. ನೀವಿಬ್ರೂ ಒಂದ್ಸಲ ಬನ್ನಿ."

"ಬರೋಣ ಬರೋಣ, ಯಾಕ್ ಬರಬಾರ್ದು? ಈ ಸಲ ಸ್ವಲ್ಪ ಚಾವಣಿ ಕೆಲಸ ಇದೆ."

ಎಂಟು ವರ್ಷದ ಮೊಮ್ಮಗಳು ನೋರಾ ಅಮ್ಮನ ಕೈಯಿಂದ ಫೋನ್ ಕಿತ್ತುಕೊಂಡಳು. "ಅಜ್ಜಾ, ನಿಮ್ಮನೇಲಿ ಒಟ್ಟು ಎಷ್ಟು ಚಾವಣಿ ಇದೆ?"

ಫೋನು ಸ್ಪೀಕರಿನಲ್ಲಿತ್ತು. ಹೆಲ್ಮಿ ಕೈಯಲ್ಲಿದ್ದ ಕಾಫಿ ಲೋಟವನ್ನು ಮೇಜಿನ ಮೇಲಿಟ್ಟಳು. ಇಪ್ಪತ್ತಾರು ವರ್ಷ ಶಾಲೆಯ ಬಸ್ಸು ಓಡಿಸಿ ಆಗಷ್ಟೇ ನಿವೃತ್ತಳಾಗಿದ್ದ ಹೆಂಗಸು. ಹಿಂದಿನ ಸೀಟಿನಲ್ಲಿ ಯಾವ ಪೋರ ಯಾರ ಜಡೆ ಎಳೆದ ಎಂದು ತಲೆ ತಿರುಗಿಸದೆ ಹೇಳಬಲ್ಲವಳು. ಗಂಡನನ್ನು ಒಂದು ಸಲ ನೋಡಿದಳು. ಆರ್ವೋ ಎದ್ದು ಬೆಕ್ಕನ್ನು ವಿಚಾರಿಸಿಕೊಳ್ಳಲು ಹೋದ.

ಮುಂದಿನ ವಾರವೇ ಅವಳು ಟ್ರೇಲರ್ ತಂದಳು. ಪಕ್ಕದ ರಸ್ತೆಯ ಮುದುಕಿ ಇಂಪಿಯ ಹಿತ್ತಿಲಲ್ಲಿ ಬಿದ್ದಿದ್ದ, ಅರವತ್ತೊಂದನೇ ಇಸವಿಯ, ಹದಿನೈದಡಿ ಉದ್ದದ ಹಳೇ ಟ್ರೇಲರ್. ಗಾಡಿಯ ಹಿಂದೆ ಕಟ್ಟಿಕೊಂಡು ಎಲ್ಲಿ ಬೇಕಾದರೂ ಎಳೆದೊಯ್ಯುವ ಪುಟ್ಟ ಮನೆ. ಬದಿಯಿಂದ ನೋಡಿದರೆ ಚೆನ್ನಾಗಿ ಉಬ್ಬಿದ ಬ್ರೆಡ್ಡಿನ ಆಕಾರ. ಹನ್ನೆರಡು ವರ್ಷದಿಂದ ಅದರಲ್ಲಿ ಕೋಳಿಗಳು ಸಂಸಾರ ಮಾಡಿಕೊಂಡಿದ್ದವು. ಎರಡು ಚಳಿಗಾಲ ಇಂಪಿಯ ಅಂಗಳದ ಹಿಮವನ್ನು ಆರ್ವೋ ತೆಗೆದುಕೊಡುತ್ತಾನೆ ಎಂಬ ಮಾತಿನ ಮೇಲೆ ವ್ಯಾಪಾರ ಕುದುರಿತ್ತು. ಆರ್ವೋನನ್ನು ಕೇಳುವ ಗೋಜಿಗೆ ಇಬ್ಬರು ಹೆಂಗಸರೂ ಹೋಗಿರಲಿಲ್ಲ.

"ಹೋಟೆಲ್ ಹಾಸಿಗೇಲಿ ಬೆನ್ನು ಹಿಡಿಯತ್ತೆ ಅಂತೀಯ" ಎಂದಳು ಹೆಲ್ಮಿ. "ಬೇರೆಯವರ ಮನೇಲಿ ನಿದ್ದೆ ಬರಲ್ಲ ಅಂತೀಯ. ತಗೋ, ನಿನ್ನ ಹಾಸಿಗೆ, ನಿನ್ನ ಮನೆ. ಹಿಂದೆ ಕಟ್ಕೊಂಡು ಹೋಗೋಣ, ಮಗಳ ಊರ ಹತ್ರ ಕ್ಯಾಂಪ್ ಹಾಕೋಣ. ಇನ್ನೇನು ಹೇಳ್ತೀಯ ಹೇಳು."

"ಇದರಲ್ಲಿ ಕೋಳಿ ಇದಾವಲ್ಲೇ."

"ಅವು ಇಳ್ಕೋತಾವೆ."

ಗಂಡ ಮುಖ ಗಂಟು ಹಾಕಿಕೊಳ್ಳುತ್ತಾನೆ ಎಂದುಕೊಂಡಿದ್ದ ಹೆಲ್ಮಿಗೆ ಅವನ ಉತ್ಸಾಹ ಕಂಡು ಆಶ್ಚರ್ಯವಾಯಿತು. ಆರ್ವೋ ಟ್ರೇಲರಿನ ಸುತ್ತ ಮೂರು ಸುತ್ತು ಬಂದ, ಚಕ್ರ ಒದ್ದು ನೋಡಿದ, ಕಿಟಕಿಯ ಅಂಚಿಗೆ ಬೆರಳು ಒತ್ತಿದ. ಬೆರಳು ಒಳಕ್ಕೇ ಹೋಯಿತು. "ತುಂಬಾ ಕೆಲಸ ಇದೆ" ಎಂದು ಮದುವೆಗಂಡಿನ ಹಾಗೆ ಹಲ್ಲು ಬಿಟ್ಟ. ಖುಷಿ ಯಾಕೆಂದು ನಾನು ಹೇಳಬೇಕೆ? ರಿಪೇರಿ ಎನ್ನುವುದು ಮುಗಿಸಿದರೆ ಮುಗಿಯುವ ಕೆಲಸ, ಮುಗಿಸದಿದ್ದರೆ ಇಲ್ಲ. ಹತ್ತು ಬೆಕ್ಕಿಗೆ ಹುಷಾರು ತಪ್ಪಿದರೂ ಸಿಗದಂಥ ನೆಪವನ್ನು ಹೆಂಡತಿಯೇ ತಂದು ಅಂಗಳದಲ್ಲಿ ನಿಲ್ಲಿಸಿದ್ದಳು.

ಆದರೆ ಹೆಲ್ಮಿಯೂ ಕಡಿಮೆಯವಳಲ್ಲ. ಜನವರಿಯ ಒಂದು ಬೆಳಿಗ್ಗೆ, ಹೊರಗೆ ಹಿಮ ಕಿಟಕಿಯ ಅರ್ಧಕ್ಕೆ ಬಂದಿರುವಾಗ, ಕಂಪ್ಯೂಟರಿನ ಮುಂದೆ ಕೂತು ಸೇತುವೆಯಾಚೆಯ ಸರೋವರದ ದಂಡೆಯಲ್ಲಿ ಎರಡು ಜಾಗ ಕಾಯ್ದಿರಿಸಿದಳು. ಒಂದು ತಮ್ಮ ಟ್ರೇಲರಿಗೆ, ಪಕ್ಕದ್ದು ಕ್ರಿಸ್ಟಾಳ ಟೆಂಟಿಗೆ. ಜುಲೈ ಹತ್ತರಿಂದ ಏಳು ದಿನ. ಕಾಗದ ಅಚ್ಚು ಹಾಕಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, "ನನಗೆ ಎರಡು ಮಂಚ, ಮಕ್ಕಳಿಗೊಂದು ಸಣ್ಣ ಮಂಚ, ಒಂದು ಮೇಜು, ಹಳದಿ ಪರದೆ. ಅಷ್ಟೇ. ಪರದೆ ನಾನೇ ಹೊಲೀತೀನಿ" ಎಂದಳು. ಆರ್ವೋ ತಾರೀಕು ಓದಿದ. ಬೆಣ್ಣೆ ತೆಗೆಯಲು ಬಂದವನು ಬೆಣ್ಣೆ ಮರೆತು ಹೋದ.

ಕೊಟ್ಟಿಗೆಯಲ್ಲಿ ಒಲೆ ಉರಿಸಿಕೊಂಡು ಕೆಲಸ ಶುರುವಾಯಿತು. ಮೂಲೆಪಟ್ಟಿಯ ಸ್ಕ್ರೂಗಳನ್ನೆಲ್ಲ ಬಿಚ್ಚಿ ಅಲ್ಯೂಮಿನಿಯಂ ತಗಡನ್ನು ಸುಲಿದ. ಒಳಗಿನ ಮರದ ಚೌಕಟ್ಟು ನೆನೆದ ರಸ್ಕಿನ ಹಾಗೆ ಉದುರುತ್ತಿತ್ತು. ಇಲಿಗಳು ಹಳೆಯ ಪತ್ರಿಕೆಗಳನ್ನು ಹರಿದು ಗೂಡು ಕಟ್ಟಿದ್ದವು. ಕೊಳೆತ ತುಂಡುಗಳನ್ನು ಒಂದೂ ಎಸೆಯದೆ, ಹೊಸ ಹಲಗೆಯ ಮೇಲೆ ಹರಡಿ, ಪೆನ್ಸಿಲಿನಲ್ಲಿ ಅಂಚು ಎಳೆದು, ಅದೇ ಬಾಗಿನಲ್ಲಿ ಹೊಸ ಪಕ್ಕೆಗಳನ್ನು ಕೊರೆದ. ಇಲ್ಲಿಯವರೆಗೆ ಎಲ್ಲ ಸರಿ. ಬಲ್ಲವರೆಲ್ಲ ಹೀಗೆಯೇ ಮಾಡುತ್ತಾರೆ.

ಎಡವಟ್ಟಾದದ್ದು ದಪ್ಪದ ವಿಷಯದಲ್ಲಿ. ಕಾರ್ಖಾನೆಯವರು ಹೆಬ್ಬೆರಳು ದಪ್ಪದ ಪಟ್ಟಿ ಹಾಕಿದ್ದರು. ಅದನ್ನು ಕಂಡು ಆರ್ವೋನಿಗೆ ಯಾರೋ ತನ್ನ ತಾಯಿಯನ್ನು ಬೈದಷ್ಟು ಸಿಟ್ಟು ಬಂತು. ನಮ್ಮ ಕಡೆ ಚಾವಣಿ ಎಂದರೆ ಹಿಮ ಹೊರಬೇಕು. ಕೋಳಿಗೂಡಾಗಲಿ ನಾಯಿಮನೆಯಾಗಲಿ, ಮೇಲೆ ಆರಡಿ ಹಿಮ ಕೂತರೂ ಮುರಿಯಬಾರದು ಎಂದೇ ತೊಲೆ ಇಡುತ್ತೇವೆ. ತಂದೆ ಮಗನಿಗೆ ಕಲಿಸುವ ಮೊದಲ ವಿದ್ಯೆಯೇ ಅದು. ಆರ್ವೋ ಮನೆಗೆ ಹಾಕುವಂಥ ತೊಲೆಗಳನ್ನೇ ಬಾಗಿಸಿ ಕೊರೆದ, ಒಂದರ ಪಕ್ಕ ಇನ್ನೊಂದು ನಿಲ್ಲಿಸಿದ.

"ಜುಲೈನಲ್ಲಿ ಹಿಮ ಬೀಳತ್ತಾ?" ಎಂದು ಹೆಲ್ಮಿ ಬಾಗಿಲಲ್ಲಿ ನಿಂತು ಕೇಳಿದಳು.

"ಬಿದ್ರೆ?"

ಅವಳು ಕಾಫಿ ಇಟ್ಟು ಹೋದಳು.

ಹೆಲ್ಮಿಯ ತಮ್ಮ ಓಸ್ಕರ್ ದಿನಕ್ಕೊಂದು ಸಲ ಬಂದು, ಕೈ ಜೇಬಿನಿಂದ ತೆಗೆಯದೆ, ಬಾಯಿಂದಲೇ ಸಹಾಯ ಮಾಡಿ ಹೋಗುತ್ತಿದ್ದ. "ಭಾವ, ಇದು ಗಾಡಿಯೋ ಚರ್ಚೋ? ಗಂಟೆ ಎಲ್ಲಿ ಕಟ್ತೀಯ?"

"ನಿನ್ನ ಕೊರಳಿಗೆ."

"ನೆಲಮಾಳಿಗೆ ಯಾವಾಗ ತೋಡ್ತೀಯ?"

"ನಿನ್ನನ್ನ ಹೂಳೋಕೆ ಬೇಕಾದಾಗ."

ಫೆಬ್ರುವರಿಯಲ್ಲಿ ತೆಳು ಹಲಗೆಯ ಜಾಗಕ್ಕೆ ಮುಕ್ಕಾಲು ಇಂಚಿನ ಗಟ್ಟಿ ಮೇಪಲ್ ಮರ ಬಂತು. ಮಾರ್ಚಿನಲ್ಲಿ ಕಪಾಟು, ಕಪಾಟಿಗೆ ಕಬ್ಬಿಣದ ಕೀಲು. ಏಪ್ರಿಲ್‌ನಲ್ಲಿ ಒಂದು ದಿನ ಹೆಲ್ಮಿ ಮಕ್ಕಳ ಮಂಚದ ಅಳತೆಗೆ ಹಾಸಿಗೆ ಹೊಲಿಯೋಣವೆಂದು ಟೇಪು ಹಿಡಿದು ಬಂದರೆ, ಹಿಂಭಾಗದಲ್ಲಿ ಮಂಚವೇ ಇಲ್ಲ. ಅದರ ಬದಲು ದೇವದಾರು ಹಲಗೆಯ ಒಂದು ಗೂಡು, ಒಳಗೆ ಕಬ್ಬಿಣದ ಒಲೆ, ಒಲೆಯ ಮೇಲೆ ತೊಟ್ಟಿ ತುಂಬ ಕರಿಗಲ್ಲು. ಸೌನಾ! ಕಲ್ಲು ಕಾಯಿಸಿ, ನೀರೆರಚಿ, ಹಬೆಯಲ್ಲಿ ಕೂತು ಬೆವರುವ ಕೋಣೆ. ಫಿನ್ಲೆಂಡಿನಿಂದ ಬಂದ ನಮ್ಮವರು ಶನಿವಾರ ಸೌನಾ ಇಲ್ಲದೆ ಬದುಕಿದ್ದಿಲ್ಲ ಎಂಬುದು ನಿಜವೇ, ಆದರೆ ಹದಿನೈದಡಿಯ ಗಾಡಿಯಲ್ಲೇ?

"ಇಲ್ಲಿ ಮಕ್ಕಳ ಮಂಚ ಅಂದಿದ್ನಲ್ಲ?"

"ಅವರು ಟೆಂಟಲ್ಲಿ ಮಲಗ್ತಾರೆ. ಹದಿನಾಲ್ಕನೇ ತಾರೀಕು ಶನಿವಾರ ಬರತ್ತೆ ಹೆಲ್ಮಿ, ನೀನು ನೋಡ್ಲಿಲ್ಲ."

"ಮಕ್ಕಳು ನನ್ನ ಜೊತೆ ಮಲಗಬೇಕು ಅಂತಲೇ ಅಲ್ವೇನೋ ನಾನು ಈ ಡಬ್ಬ ತಂದಿದ್ದು! ನೀನು ಹೋಗಿ ಟೆಂಟಲ್ಲಿ ಬೆವರು."

ಆದರೂ ಒಲೆ ಉಳಿಯಿತು. ಆರ್ವೋ ಅದನ್ನು ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದ. ಅವನು ಬಿಗಿದದ್ದನ್ನು ಬಿಚ್ಚುವುದು ಅವನಿಂದಲೂ ಸಾಧ್ಯವಿಲ್ಲ ಎಂಬುದು ನಮ್ಮೂರಲ್ಲಿ ಹೆಮ್ಮೆಯ ಮಾತು.

ಒಂದು ವಿಷಯ ಮಾತ್ರ ಹೇಳಬೇಕು. ಅವನು ಮೋಸಕ್ಕೆಂದು ಹೀಗೆ ಮಾಡುತ್ತಿರಲಿಲ್ಲ. ಸಂಜೆ ಕೊಟ್ಟಿಗೆಯಿಂದ ಬರುವಾಗ ಕೂದಲಲ್ಲಿ ಮರದ ಹೊಟ್ಟು, ಮುಖದಲ್ಲಿ ನಗು. ಈ ತೊಲೆಯ ಕೆಳಗೆ ಹೆಲ್ಮಿಗೆ ಏನೂ ಆಗುವುದಿಲ್ಲ, ಈ ಗೋಡೆಯೊಳಗೆ ಮಕ್ಕಳಿಗೆ ಚಳಿ ಹತ್ತುವುದಿಲ್ಲ ಎಂದು ನಿಜವಾಗಿ ಅಂದುಕೊಳ್ಳುತ್ತಿದ್ದ. ಅದರ ಜೊತೆಗೇ, ಪ್ರತಿ ಹಲಗೆ ಕೂರಿಸಿದಾಗಲೂ, ಇನ್ನೊಂದು ದಿನ ಕಳೆಯಿತು, ಸೇತುವೆ ಇನ್ನೂ ದೂರವಿದೆ ಎಂದು ಎದೆ ಹಗುರವಾಗುತ್ತಿತ್ತು. ಎರಡೂ ನಿಜ. ಮನುಷ್ಯನ ಹೊಟ್ಟೆಯಲ್ಲಿ ಎರಡು ನಿಜಕ್ಕೆ ಜಾಗವಿದೆ.

ಜೂನ್ ಕೊನೆಗೆ ಎಲ್ಲ ಮುಗಿಯಿತು. ಊರವರನ್ನು ಕಾಫಿಗೆ ಕರೆದರು. ಹೆಲ್ಮಿ ಏಲಕ್ಕಿ ಹಾಕಿದ ಬ್ರೆಡ್ಡನ್ನು ಜಡೆಯ ಹಾಗೆ ಹೆಣೆದು ನಾಲ್ಕು ಬೇಯಿಸಿದ್ದಳು. ಹನ್ನೊಂದು ಜನ ಒಟ್ಟಿಗೆ ಟ್ರೇಲರಿನೊಳಗೆ ಹೊಕ್ಕರು. ಒಂದು ಹಲಗೆಯೂ ಕಿರ್ ಎನ್ನಲಿಲ್ಲ. ಎಲ್ಲರೂ ಗೋಡೆ ತಟ್ಟಿ ನೋಡಿ ತಲೆದೂಗಿದರು. ಅವರೆಲ್ಲ ನಮ್ಮೂರವರೇ. ಇದನ್ನು ಎಳೆಯುವುದು ಹೇಗೆ ಎಂದು ಒಬ್ಬರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಎರಡನೇ ತುಂಡು ಬ್ರೆಡ್ಡು ತೆಗೆದುಕೊಂಡೆ.

ಜುಲೈ ಒಂಬತ್ತರ ಬೆಳಿಗ್ಗೆ ಹೊರಟರು. ಟ್ರೇಲರನ್ನು ಎಳೆಯುವ ಪಿಕಪ್ಪು ಆರ್ವೋನ ಕೈಯಲ್ಲಿ. ಹೆಲ್ಮಿ ಮಡಿಲಲ್ಲಿ ಪಾಸ್ಟಿಗಳ ಡಬ್ಬಿ. ಹಿಟ್ಟಿನೊಳಗೆ ಮಾಂಸ, ಆಲೂಗಡ್ಡೆ ತುಂಬಿ ಬೆಳಗಿನ ಜಾವ ಎದ್ದು ಬೇಯಿಸಿದ್ದು. ಸಪಾಟು ರಸ್ತೆಯಲ್ಲಿ ಗಾಡಿ ಹೇಗೋ ಹೋಯಿತು. ಊರಿಂದ ಹನ್ನೆರಡು ಮೈಲಿಗೆ ಉದ್ದನೆಯ ಏರು ಬರುತ್ತದೆ. ಮೊದಲ ತಿರುವಿನಲ್ಲಿ ಪಿಕಪ್ಪು ನರಳಿತು, ಎರಡನೆಯದರಲ್ಲಿ ಕೆಮ್ಮಿತು, ಮೂರನೆಯದರಲ್ಲಿ ಬಾನೆಟ್ಟಿನಿಂದ ಹೊಗೆ ಎದ್ದಿತು. ಹಿಂದೆ ಸಾಲುಗಟ್ಟಿದ ಗಾಡಿಗಳವರು ಹಾರ್ನ್ ಹೊಡೆದರು. ಮನೆ ಕಟ್ಟಿ ನೋಡು ಎಂದರು ಹಿರಿಯರು. ಕಟ್ಟಿದ ಮನೆಯನ್ನು ಎಳೆದು ನೋಡು ಎಂದು ಯಾರೂ ಎಚ್ಚರಿಸಿರಲಿಲ್ಲ.

ಏರಿನ ಪಕ್ಕಕ್ಕೇ ಒಂದು ಜಲ್ಲಿ ಕ್ವಾರಿ. ಹೇಗೋ ಅದರೊಳಗೆ ತೆವಳಿಕೊಂಡು ಹೋದರು. ಲಾರಿ ತೂಗುವ ಕಾಟಾದ ಮೇಲೆ ಟ್ರೇಲರನ್ನು ನಿಲ್ಲಿಸಿದಾಗ ಕಿಟಕಿಯಲ್ಲಿದ್ದ ಹೆಂಗಸು ಅಂಕಿ ನೋಡಿ, ಕನ್ನಡಕ ಒರೆಸಿ, ಮತ್ತೆ ನೋಡಿದಳು. "ಐದು ಸಾವಿರದ ಇನ್ನೂರು ಪೌಂಡು. ಒಳಗೇನು ಕಲ್ಲು ತುಂಬಿದೀರಾ?"

ತುಂಬಿದ್ದರಲ್ಲ! ಪಿಕಪ್ಪು ಎಳೆಯಬಹುದಾದದ್ದು ಮೂರೂವರೆ ಸಾವಿರ. ಕಾರ್ಖಾನೆಯಿಂದ ಬಂದಾಗ ಟ್ರೇಲರು ತೂಗುತ್ತಿದ್ದದ್ದು ಎರಡು ಸಾವಿರಕ್ಕೂ ಕಡಿಮೆ. ಮೂಗಿಗಿಂತ ಮೂಗುತಿ ಭಾರವಾಗಿತ್ತು.

ಆರ್ವೋ ಟೋಪಿ ತೆಗೆದು ತಲೆ ಕೆರೆದುಕೊಂಡ. "ಛೇ! ಎಂಥಾ ಕೆಲಸ ಆಯ್ತು ನೋಡು. ಇನ್ನೇನ್ ಮಾಡೋಕಾಗತ್ತೆ ಹೆಲ್ಮಿ? ಮುಂದಿನ ವರ್ಷ ದೊಡ್ಡ ಪಿಕಪ್ಪು ತಗೊಂಡು..." ಬಾಯಿ ಛೇ ಛೇ ಎನ್ನುತ್ತಿತ್ತು. ಮುಖ ಮಾತ್ರ ಶಾಲೆಗೆ ರಜೆ ಎಂದು ಕೇಳಿದ ಹುಡುಗನ ಮುಖ. ಅವನಿಗೇ ಅದು ಗೊತ್ತಿರಲಿಲ್ಲ. ಹೆಲ್ಮಿಗೆ ಕಂಡಿತು.

ಅವಳು ಪಾಸ್ಟಿ ಡಬ್ಬಿಯನ್ನು ಸೀಟಿನ ಮೇಲಿಟ್ಟು ಇಳಿದು ಬಂದಳು. "ನಿನಗೆ ಖುಷಿ ಆಗಿದೆ" ಎಂದಳು.

"ಖುಷಿನಾ? ನನಗಾ? ಏನ್ ಮಾತು ಅಂತ ಆಡ್ತೀಯ!"

"ಆರ್ವೋ, ನಲವತ್ತೊಂದು ವರ್ಷ. ರೇಡಿಯೇಟರ್ ಕುದೀತು ಅಂತ ಊರಿಗೆಲ್ಲ ಹೇಳ್ದೋಳು ನಾನು. ಬೆನ್ನು ಹಿಡಿದಿದೆ ಅಂತ ಅಳಿಯನ ಮನೆಯವರಿಗೆ ಹೇಳ್ದೋಳು ನಾನು. ಮಗಳಿಗೆ ಮೊದಲ ಹೆರಿಗೆ ಆದಾಗ, ಅಪ್ಪ ಯಾಕಮ್ಮ ಬರ್ಲಿಲ್ಲ ಅಂತ ಅವಳು ಹಾಸಿಗೇಲಿ ಮಲಗಿ ಅತ್ತಳಲ್ಲ, ಆಗ ಬೆಕ್ಕಿನ ಕತೆ ಹೇಳ್ದೋಳೂ ನಾನೇ. ಬೆಕ್ಕು! ನನಗೆ ನಾಚಿಕೆ ಆಗಿತ್ತು." ಅವಳ ದನಿ ಏರಲಿಲ್ಲ. ಏರಿದ್ದರೆ ಆರ್ವೋನಿಗೆ ವಾಸಿ ಅನಿಸುತ್ತಿತ್ತು. "ನಿನಗೆ ಭಯ ಅಂತ ನನಗೆ ಬೇಜಾರಿಲ್ಲ ಮಾರಾಯ. ನನ್ನ ಹತ್ರಾನೂ ಹೇಳ್ಲಿಲ್ಲವಲ್ಲ, ಅದಕ್ಕೆ ಬೇಜಾರು. ನಾನು ಇವತ್ತು ಹೋಗ್ತೀನಿ. ಇದರಲ್ಲಾದ್ರೆ ಇದರಲ್ಲಿ, ಇಲ್ಲಾಂದ್ರೆ ಬಸ್ಸಲ್ಲಿ. ಬಸ್ಸಲ್ಲಿ ಹೋದ್ರೂ ವಾಪಸ್ ಬರ್ತೀನಿ, ನಿನಗೆ ಕಾಫಿ ಮಾಡ್ಕೊಡ್ತೀನಿ, ಎಲ್ಲ ಹಾಗೇ ಇರತ್ತೆ. ಆದ್ರೆ ಬಾ ಅಂತ ಇನ್ನೊಂದ್ಸಲ ನಿನ್ನನ್ನ ಕರೆಯಲ್ಲ. ಜನ್ಮದಲ್ಲಿ ಕರೆಯಲ್ಲ."

ಆರ್ವೋ ಜಲ್ಲಿಯ ಗುಡ್ಡೆಯನ್ನು ನೋಡಿದ. ಕಾಟಾದ ಹೆಂಗಸು ಕಿಟಕಿ ಮುಚ್ಚಿದವಳ ಹಾಗೆ ಮಾಡಿ ಒಂದಿಷ್ಟು ಸಂದು ಬಿಟ್ಟಿದ್ದಳು. ಇನ್ನು ಮೇಲೆ ಹೆಲ್ಮಿ ಕರೆಯುವುದಿಲ್ಲ. ಬೆಕ್ಕಿನ ಅವಶ್ಯಕತೆಯೇ ಇರುವುದಿಲ್ಲ. ಇಷ್ಟು ವರ್ಷ ಅವನು ಬೇಡಿಕೊಂಡದ್ದು ಅದನ್ನೇ ಅಲ್ಲವೇ? ಈಗ ಸಿಕ್ಕಿತು ಎಂದಾಗ ಬೇಡವೆನಿಸಿತು. ಸೇತುವೆಯ ಮುಂದೆಯೂ ಅವನು ಅಷ್ಟು ಹೆದರಿರಲಿಲ್ಲ.

ಮಾತಾಡುವ ಜಾತಿಯೇ ಅಲ್ಲ ನಮ್ಮವರದು. ಆರ್ವೋ ಪಿಕಪ್ಪಿನ ಪೆಟ್ಟಿಗೆಯಿಂದ ಹಾರೆ ತೆಗೆದುಕೊಂಡು ಟ್ರೇಲರಿನೊಳಗೆ ಹೋದ. ಸ್ವಲ್ಪ ಹೊತ್ತಿಗೆ ಬಾಗಿಲಿನಿಂದ ಒಂದು ಕರಿಗಲ್ಲು ಹೊರಬಂದು ನೆಲಕ್ಕೆ ಬಿತ್ತು. ಆಮೇಲೆ ಇನ್ನೊಂದು.

ಹೆಲ್ಮಿ ತಮ್ಮನಿಗೆ ಫೋನ್ ಮಾಡಿದಳು. ಓಸ್ಕರ್ ಲಾರಿ ತೆಗೆದುಕೊಂಡು ಅರ್ಧ ಗಂಟೆಯಲ್ಲಿ ಬಂದ. ಇಂಥ ತಮಾಷೆ ತಪ್ಪಿಸಿಕೊಳ್ಳುವವನಲ್ಲ. "ಭಾವ, ಕ್ವಾರಿಗೆ ಕಲ್ಲು ತಂದು ಸುರಿದ ಮೊದಲನೇ ಗಿರಾಕಿ ನೀನೇ ಇರಬೇಕು!"

"ಬಾಯಿ ಮುಚ್ಚಿ ಆ ಕಡೆ ಹಿಡಿ."

ಅಂಟು ಹಾಕಿ, ಸ್ಕ್ರೂ ಹೊಡೆದು, ಮೇಲೆ ಬೋಲ್ಟು ಬಿಗಿದ ಕೆಲಸ. ಆರ್ವೋ ಕೀಳುತ್ತಾ ಕೀಳುತ್ತಾ ತನ್ನನ್ನೇ ಬೈದುಕೊಂಡ, "ಯಾವ ಕತ್ತೆ ಹೀಗೆ ಬಿಗಿದಿದ್ದು!" ಎಂದು. ಒಲೆ ಬಂತು, ದೇವದಾರು ಗೂಡು ಬಂತು, ಮೇಪಲ್ ಕಪಾಟು ಎರಡು ತುಂಡಾಗಿ ಬಂತು. ಒಂದಷ್ಟು ಕಿತ್ತಾಗ ಗಾಡಿಯನ್ನು ಕಾಟಾದ ಮೇಲೆ ನಿಲ್ಲಿಸುವರು, ಹೆಂಗಸು ಅಂಕಿ ಕೂಗುವಳು. ನಾಲ್ಕು ಸಾವಿರದ ನಾನೂರು. ಮತ್ತೆ ಕೀಳು. ಮೂರು ಸಾವಿರದ ಒಂಬೈನೂರು. ಮತ್ತೆ ಕೀಳು. ಕ್ವಾರಿಯ ಲಾರಿಯವರು ಊಟದ ಬುತ್ತಿ ಹಿಡಿದು ಸುತ್ತ ನಿಂತು, ಮುಂದೆ ಏನು ಕೀಳಬೇಕೆಂದು ಸಲಹೆ ಕೊಟ್ಟರು. ಹೆಲ್ಮಿ ಅವರಿಗೆ ಪಾಸ್ಟಿ ಹಂಚಿದಳು. ಮಧ್ಯಾಹ್ನ ಮೂರಕ್ಕೆ ಕಿಟಕಿಯಿಂದ "ಮೂರು ಸಾವಿರದ ಮುನ್ನೂರು!" ಎಂದು ಕೂಗು ಬಂದಾಗ ಎಲ್ಲರೂ ಚಪ್ಪಾಳೆ ಹೊಡೆದರು. ಒಳಗೆ ಉಳಿದದ್ದು ಬರೀ ನೆಲ, ನೆಲದ ಮೇಲೆ ಹಾಸಿಗೆ, ಹಳದಿ ಪರದೆ. ಚಾವಣಿ ಮಾತ್ರ ಕೀಳಲಾಗಲಿಲ್ಲ. ಜುಲೈನಲ್ಲಿ ಆರಡಿ ಹಿಮ ಬಿದ್ದರೂ ಹೆಲ್ಮಿ ಕ್ಷೇಮ.

ಓಸ್ಕರ್ ಲಾರಿಯ ಬಾಗಿಲು ಹಾಕುತ್ತಾ ಮೆಲ್ಲಗೆ ಹೇಳಿದ, "ಭಾವ, ಹೋಗ್ಬಾ. ನಗಲ್ಲ ನಾನು." ಅದು ಅವನಿಂದ ಬಂದ ದೊಡ್ಡ ಮಾತು.

ದಾರಿಯಲ್ಲಿ ಒಂದು ಕಡೆ ತಂಗಿ, ಮರುದಿನ ಮಧ್ಯಾಹ್ನ ಸೇತುವೆ ಮುಟ್ಟಿದರು. ಮಂಜು ಇರಲಿಲ್ಲ. ಇದ್ದಿದ್ದರೇ ಚೆನ್ನಾಗಿತ್ತು ಎನಿಸಿತು ಆರ್ವೋನಿಗೆ. ಈಗ ಐದು ಮೈಲಿಯೂ ಕಾಣುತ್ತಿತ್ತು, ಕೆಳಗಿನ ನೀರೂ. ಸುಂಕದ ಕಟ್ಟೆಗೆ ಸ್ವಲ್ಪ ಮೊದಲು ಪಕ್ಕಕ್ಕೆ ನಿಲ್ಲಿಸಿದ. ಭಯ ಇರುವವರ ಗಾಡಿಯನ್ನು ದಾಟಿಸಿ ಕೊಡುವ ಜನ ಸೇತುವೆಯ ಕಚೇರಿಯಲ್ಲೇ ಇದ್ದಾರೆ. ಅದು ಅವನಿಗೆ ಎಷ್ಟೋ ವರ್ಷದಿಂದ ಗೊತ್ತು. ಆದರೆ ಅದಕ್ಕೆ ಹೋಗಿ ಕೇಳಬೇಕು, ಕೇಳಿದರೆ ಬಾಯಿ ಬಿಟ್ಟು ಹೇಳಬೇಕು.

ಹೆಲ್ಮಿ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಅವಳು ಸಹಾಯಕ್ಕೆ ಬರಲಿಲ್ಲ, ಈ ಸಲ ಯಾವ ಕತೆಯನ್ನೂ ಎತ್ತಿಕೊಡಲಿಲ್ಲ.

"ಹೆಲ್ಮಿ" ಎಂದ ಆರ್ವೋ.

"ಹೂಂ."

"ನನಗೆ ಭಯ ಆಗ್ತಿದೆ."

ಅಷ್ಟೇ. ನಲವತ್ತೊಂದು ವರ್ಷ ಹೊತ್ತ ಮಾತು, ಮೂರೇ ಪದ. ಹೇಳಿದ ಮೇಲೆ ಆಕಾಶ ಕಳಚಿ ಬೀಳಲಿಲ್ಲ. ಒಂದು ಲಾರಿ ಪಕ್ಕದಲ್ಲಿ ಹೋಯಿತು.

"ಎಷ್ಟು?" ಎಂದಳು ಹೆಲ್ಮಿ.

"ತುಂಬಾ. ಮೊದಲಿಂದಾನೂ. ಮಧ್ಯದಲ್ಲಿ ಕಬ್ಬಿಣದ ಜಾಲರಿ ಇದೆಯಂತೆ, ಅದರೊಳಗಿಂದ ನೀರು ಕಾಣತ್ತಂತೆ. ಅದನ್ನ ನೆನೆಸ್ಕೊಂಡ್ರೆ ಉಸಿರು ಕಟ್ಟತ್ತೆ. ಗಾಡಿ ನೀನು ಓಡಿಸು."

ಆರ್ವೋ ಕಾರ್ಪೆಲಾನ ಪಿಕಪ್ಪನ್ನು ಹೆಂಡತಿಯಾಗಲಿ ಮೈದುನನಾಗಲಿ ಮುಟ್ಟಿದ್ದೇ ಇಲ್ಲ. ಅವಳು ಅವನನ್ನು ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿತ್ತು, ತುಟಿಯಲ್ಲಿ ಮಾತ್ರ ಹಳೆಯ ಕೀಟಲೆ. "ಇಳಿ ಹಾಗಾದ್ರೆ. ಈ ಕಡೆ ಬಂದು ಕೂತ್ಕೋ. ಬೆಲ್ಟ್ ಹಾಕ್ಕೋ. ಗಲಾಟೆ ಮಾಡಿದ್ರೆ ಮೇಷ್ಟ್ರಿಗೆ ಹೇಳ್ತೀನಿ."

ಜಾಲರಿಯ ಸಾಲು ಬಿಟ್ಟು, ಅಂಚಿನ ಕಡೆಯ ಕಾಂಕ್ರೀಟು ಸಾಲಿನಲ್ಲಿ, ಎತ್ತಿನ ಗಾಡಿಯ ವೇಗದಲ್ಲಿ ಹೆಲ್ಮಿ ಹೋದಳು. ಆರ್ವೋ ಸೀಟನ್ನು ಎರಡು ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿದ. ಹೆಲ್ಮಿ, ಇಪ್ಪತ್ತಾರು ವರ್ಷ ಅಳುವ ಮಕ್ಕಳಿಗೆ ಹೇಳಿದ ಹಾಗೆಯೇ, ಎಲ್ಲಿಗೆ ಬಂದೆವೆಂದು ಹೇಳುತ್ತಾ ಹೋದಳು. ಮೊದಲನೇ ಗೋಪುರ ಬಂತು. ಈಗ ಮಧ್ಯ. ಕೆಳಗೆ ಒಂದು ಹಡಗು ಹೋಗ್ತಿದೆ, ನೋಡಬೇಡ. ಅವನು ನೋಡಿದ. ತಕ್ಷಣ ಕಣ್ಣು ಮುಚ್ಚಿ ದೇವರನ್ನೂ ಎಂಜಿನ್ನನ್ನೂ ಒಟ್ಟಿಗೆ ನೆನೆದ. ಅಂಗಿ ಬೆನ್ನಿಗೆ ಅಂಟಿಕೊಂಡಿತು. ಶನಿವಾರಕ್ಕೆ ಕಾಯದೆ ಮಂಗಳವಾರವೇ ಅವನ ಬೆವರೆಲ್ಲ ಇಳಿದುಹೋಯಿತು.

ಆಚೆ ದಂಡೆಯ ಗಾಡಿ ನಿಲ್ಲಿಸುವ ಬಯಲಿನಲ್ಲಿ ಕ್ರಿಸ್ಟಾ ಮಕ್ಕಳೊಡನೆ ಕಾದಿದ್ದಳು. ಅಪ್ಪ ಪಿಕಪ್ಪಿನ ತಪ್ಪು ಬಾಗಿಲಿನಿಂದ ಇಳಿದದ್ದು ಕಂಡು ಅವಳ ಮುಖದ ನಗು ಅರ್ಧಕ್ಕೆ ನಿಂತಿತು. ಏನು ಕೇಳುವುದು, ಏನು ಕೇಳದಿರುವುದು ಎಂದು ಅವಳಿಗೂ ತಾಯಿಯಿಂದಲೇ ಅಭ್ಯಾಸವಾಗಿತ್ತು. ನೋರಾಳಿಗೆ ಯಾರೂ ಅಭ್ಯಾಸ ಮಾಡಿಸಿರಲಿಲ್ಲ.

"ಅಜ್ಜಾ, ನೀನ್ಯಾಕೆ ಓಡಿಸ್ಲಿಲ್ಲ? ಬೆನ್ನು ನೋವಾ?"

ಹೆಲ್ಮಿ ಅಭ್ಯಾಸಬಲದಿಂದ ಬಾಯಿ ತೆರೆದಳು. ಆರ್ವೋ ಕೈ ಎತ್ತಿ ತಡೆದ. ಮಂಡಿ ಊರಿ ಮೊಮ್ಮಗಳ ಎತ್ತರಕ್ಕೆ ಕೂತ.

"ಇಲ್ಲಮ್ಮ. ಬೆನ್ನು ಚೆನ್ನಾಗಿದೆ. ನನಗೆ ಆ ಸೇತುವೆ ಕಂಡ್ರೆ ಭಯ. ಅದಕ್ಕೇ ಇಷ್ಟು ದಿನ ನಿಮ್ಮನೆಗೆ ಬರ್ಲಿಲ್ಲ. ಅಜ್ಜಿ ದಾಟಿಸಿದ್ಲು."

ಕ್ರಿಸ್ಟಾ ಬಾಯಿಗೆ ಕೈ ಹಿಡಿದಳು. ನೋರಾ ಮಾತ್ರ ಸೇತುವೆಯನ್ನೊಮ್ಮೆ, ಅಜ್ಜನನ್ನೊಮ್ಮೆ ನೋಡಿ ಲೆಕ್ಕ ಹಾಕಿದಳು. "ಅಯ್ಯೋ, ವಾಪಸ್ ಹೋಗೋವಾಗ್ಲೂ ಇದೇ ಸೇತುವೆ ಅಲ್ವಾ?"

ಆ ವಿಷಯ ಆರ್ವೋನ ತಲೆಗೆ ಬಂದೇ ಇರಲಿಲ್ಲ. ಅವನ ಮುಖ ನೋಡಿ ಹೆಲ್ಮಿ ಟ್ರೇಲರಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಹೌದಲ್ವಾ" ಎಂದ ಆರ್ವೋ. "ಆಗ್ಲೂ ಭಯ ಆಗತ್ತೆ. ಆಗ್ಲೂ ಅಜ್ಜಿಗೆ ಹೇಳ್ತೀನಿ."